ನಾಲಿಗೆಯ ಮೇಲಿನ ಸಫೇದಾ

ಸಫೇದಾ ಸಿಹಿ ಇರುತ್ತದೆ. ಸಕ್ಕರೆಯಷ್ಟಲ್ಲ, ಬೆಲ್ಲದಷ್ಟೂ ಅಲ್ಲ. ನಾಲಿಗೆಯ ತುದಿಗೆ ಒಂದು ಚಿಟಿಕೆ ಇಟ್ಟು ಬಾಯಿ ಮುಚ್ಚಿಕೊಂಡು ಕೂತರೆ, ಸ್ವಲ್ಪ ಹೊತ್ತಿನ ಮೇಲೆ ತೆಳುವಾದ ಒಂದು ಸಿಹಿ ಗಂಟಲ ಕಡೆಗೆ ಸರಿಯುತ್ತದೆ. ಖಡು, ಅಂದರೆ ಸೀಮೆಸುಣ್ಣದ ಪುಡಿ ಬೆರೆಸಿದ್ದರೆ ಆ ಸಿಹಿ ಬರುವುದಿಲ್ಲ, ಗೋಡೆ ನೆಕ್ಕಿದ ಹಾಗೆ ಬಾಯಿ ಒಣಗುತ್ತದೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ನಾನೇ ಕಂಡುಹಿಡಿದೆ, ಹನ್ನೆರಡು ವರ್ಷ ಊರೂರು ತಿರುಗಿ ಕಲಿಸಿದೆ. ಈಗ ಇದನ್ನು ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ: ದಯಮಾಡಿ ನೆಕ್ಕಬೇಡಿ. ಅದು ಬಣ್ಣಕ್ಕೆಂದು ಸೀಸದಿಂದ ಮಾಡಿದ ಬಿಳಿ ಪುಡಿ.

ನಾನು ತುಕ್ಕಾನಟ್ಟಿಯ ಒಕ್ಕಲುತನದ ಮನೆಯವನು. ಮೂವರಿಗೇ ಇಕ್ಕಟ್ಟಾಗಿದ್ದ ಹೊಲದಲ್ಲಿ ನಾಲ್ಕನೆಯವನಾದ ನನಗೆ ನಿಲ್ಲಲೂ ಜಾಗವಿರಲಿಲ್ಲ. ಗೋಕಾಕಕ್ಕೆ ಬಂದು ಮೊದಲು ಹಗ್ಗ ಮಾರಿದೆ, ಆಮೇಲೆ ಕಂದೀಲಿನ ಗಾಜು ಮಾರಿದೆ, ಕಡೆಗೆ ಬಣ್ಣದ ಅಂಗಡಿ ಇಟ್ಟೆ. ವ್ಯಾಪಾರವನ್ನು ಯಾವ ಸಾಲಿಯಲ್ಲೂ ಕಲಿಯಲಿಲ್ಲ. ಕೊಳ್ಳುವವನ ಮುಖ ನೋಡಬೇಡಿ, ಕಾಲು ನೋಡಿ. ಬಾಯಿ ಎಷ್ಟೇ ಬೈದರೂ ಕೊಳ್ಳುವವನ ಹೆಬ್ಬೆರಳು ಅಂಗಡಿಯ ಕಡೆಗೇ ತಿರುಗಿರುತ್ತದೆ. ಈ ಮಾತಿಗೆ ನಾನು ಈಗಲೂ ಬದ್ಧ. ನನ್ನ ಉಳಿದ ಸಲಹೆಗಳನ್ನು ಮಾತ್ರ ಸ್ವಲ್ಪ ಜರಡಿ ಹಿಡಿದು ತೆಗೆದುಕೊಳ್ಳಿ.

ಅಂಗಡಿಯಲ್ಲಿ ಹುರಮಂಜಿ ಇತ್ತು, ನೀಲಿ ಇತ್ತು, ಅಗಸಿ ಎಣ್ಣೆಯ ಡಬ್ಬಿಗಳಿದ್ದವು. ಕಬ್ಬಿಣದ ತೊಲೆಗೆ ತುಕ್ಕು ಹಿಡಿಯದಂತೆ ಬಳಿಯಲು, ನೀರಿನ ಕೊಳವೆಗಳ ಸಂದು ಮುಚ್ಚಲು, ಗಾಡಿಯ ಗಾಲಿಗೆ ಹಚ್ಚಲು ಕೆಂಪು ಸೇಂದೂರ ಹೋಗುತ್ತಿತ್ತು. ಆದರೆ ಅಂಗಡಿ ನಿಂತದ್ದು ಸಫೇದಾದ ಮೇಲೆ. ಬಾಗಿಲಿಗೆ, ಕಿಟಕಿಗೆ, ಟಾಂಗಾದ ಮೈಗೆ, ಏನಕ್ಕೆ ಬಣ್ಣ ಹಚ್ಚುವುದಾದರೂ ಮೊದಲ ಪದರು ಸಫೇದಾದ್ದೇ. ಎಣ್ಣೆಯಲ್ಲಿ ಅರೆದು ಹಚ್ಚಿದರೆ ಮಳೆಗೂ ಬಿಸಿಲಿಗೂ ಜಗ್ಗುತ್ತಿರಲಿಲ್ಲ. ಅದಕ್ಕೇ ಅದು ದುಬಾರಿ, ದುಬಾರಿಯಾದದ್ದಕ್ಕೇ ಅದರಲ್ಲಿ ಖಡು ಬೆರೆಸುವವರು ಬಹಳ.

ಬೆರೆಸುವವರಲ್ಲಿ ನನ್ನ ಅಂಗಡಿಯ ಎದುರಿನವನೇ ಮೊದಲಿಗ. ನನಗಿಂತ ಹಿರಿಯ. ನಾನು ಕಾಕಾ ಎನ್ನುತ್ತಿದ್ದೆ, ಮನಸ್ಸಿನಲ್ಲಿ ಬೇರೆ ಅನ್ನುತ್ತಿದ್ದೆ. ಅವನ ಗಿರಾಕಿಗಳನ್ನು ಎಳೆದುಕೊಳ್ಳಬೇಕಾಗಿತ್ತು. ನಾನು ಮೂಡಲಗಿಯ ಸಂತೆಗೆ ಎರಡು ತಟ್ಟೆ ಹೊತ್ತುಕೊಂಡು ಹೋದೆ. ಒಂದರಲ್ಲಿ ನನ್ನ ಸಫೇದಾ, ಇನ್ನೊಂದರಲ್ಲಿ ಅವನ ಅಂಗಡಿಯದು. ಚಾದರ ಹಾಸಿ ಕೂತು, ಬಾಗಿಲು ಮಾಡುವ ಬಡಿಗೇರನೊಬ್ಬನನ್ನು ಕರೆದೆ.

"ಏನ್ರಿ ಸಾವಕಾರ್ರ, ಬಣ್ಣ ಮಾರಾಕ ಬಂದೀರೊ, ಫಳಾರ ಹಂಚಾಕ ಬಂದೀರೊ?" ಎಂದ ಬಡಿಗೇರ.

"ಎರಡೂ ಒಂದ ತಿಳೀರಿ. ಇದನ್ನ ಒಂದ ಚಿಟಿಕಿ ನಾಲಗಿ ಮ್ಯಾಲ ಇಟಗೋರಿ. ಈಗ ಉಗುಳಿ ಇದನ್ನ ಇಟಗೋರಿ. ಹೆಂಗೈತಿ?"

"ಮೊದಲಿಂದು ಸೀ ಐತಿ. ಇದು ನಮ್ಮ ಸಾಲಿ ಗ್ವಾಡಿ ಇದ್ದಂಗ ಐತಿ."

"ಸಾಲಿ ಗ್ವಾಡಿ ಯಾವಾಗ ನೆಕ್ಕಿದ್ರಿ?"

"ಮಾಸ್ತರ ಅದಕ್ಕ ನನ್ನ ಮೂತಿ ತಿಕ್ಕಿದಾಗ."

ಸುತ್ತಲಿನವರು ನಕ್ಕರು. ನಗುವ ಜನ ನಿಲ್ಲುತ್ತಾರೆ, ನಿಂತ ಜನ ನೆಕ್ಕುತ್ತಾರೆ. ಸಂಜೆಯ ಹೊತ್ತಿಗೆ ಅರ್ಧ ಮೂಡಲಗಿ ನನ್ನ ಮುಂದೆ ನಾಲಿಗೆ ಚಾಚಿತ್ತು. ಅಲ್ಲಿಂದ ಮುಂದೆ ನನ್ನ ಗಿರಾಕಿಗಳು ಯಾವ ಅಂಗಡಿಗೆ ಹೋದರೂ ಮೊದಲು ಬಾಯಿಗೆ ಹಾಕಿಕೊಳ್ಳದೆ ಮಾಲು ಮುಟ್ಟಲಿಲ್ಲ. ನಾನಂತೂ ಪ್ರತಿ ಪೀಪಾಯಿ ಒಡೆದಾಗ, ಪ್ರತಿ ಹೊಸ ಗಿರಾಕಿ ಬಂದಾಗ, ಸುಮ್ಮನೆ ಕೂತಾಗಲೂ ನೆಕ್ಕುತ್ತಿದ್ದೆ.

ಒಂದೆರಡು ವರ್ಷದ ಮೇಲೆ ಒಬ್ಬ ಗಿರಾಕಿ ಎದುರಿನ ಕಾಕಾನ ಅಂಗಡಿಯ ಪೊಟ್ಟಣ ತಂದು, "ನೀವ ಪರೀಕ್ಷಾ ಮಾಡ್ರಿ" ಎಂದು ಮುಂದಿಟ್ಟ. ನೆಕ್ಕಿದೆ. ಸಿಹಿ ಬಂತು. ನನ್ನ ಮಾಲಿಗಿಂತ ಕೊಂಚ ಹೆಚ್ಚೇ ಬಂತು. "ಖರೇ ಮಾಲು. ಕಾಕಾ ಸುಧಾರಿಸ್ಯಾನ" ಎಂದು ತೀರ್ಪು ಕೊಟ್ಟೆ. ಒಬ್ಬ ಕಲಬೆರಕೆಯವನನ್ನು ನನ್ನ ನಾಲಿಗೆ ದಾರಿಗೆ ತಂದಿತೆಂದು ವಾರಗಟ್ಟಲೆ ಬೀಗಿದೆ. ಖಡುವಿಗಿಂತ ಸೀಸ ಎಷ್ಟೋ ಪಾಲು ಭಾರ. ಪೊಟ್ಟಣವನ್ನು ಕೈಯಲ್ಲಿ ಸುಮ್ಮನೆ ತೂಗಿ ನೋಡಿದ್ದರೆ ಸಾಕಿತ್ತು. ತೂಗಲಿಲ್ಲ.

ಇನ್ನು ಅಕ್ಕನ ಮಾತು. ಒಡಹುಟ್ಟಿದವಳಲ್ಲ, ನಾನು ಹಾಗೆ ಕರೆಯುತ್ತಿದ್ದೆ. ಗೊಂಬೆ ಮಾಡುವವರ ಓಣಿಯಲ್ಲಿ ಅವಳ ಮನೆ. ಗಂಡ ಹಗುರ ಕಟ್ಟಿಗೆಯಲ್ಲಿ ಗಿಳಿ, ನವಿಲು, ಗೌಡ–ಗೌಡತಿಯರನ್ನು ಕೆತ್ತುತ್ತಿದ್ದ. ಹುಣಸೆ ಬೀಜದ ಅಂಟಿನಲ್ಲಿ ಸಂದು ತುಂಬಿ, ಬಿಳಿ ಬಳಿದು, ತಿಕ್ಕಿ ನುಣುಪು ಮಾಡಿ, ಬಣ್ಣ ಕೊಡುವುದು ಅಕ್ಕನ ಕೆಲಸ. ಕಡೆಯಲ್ಲಿ ಕಣ್ಣು. ಕಣ್ಣು ಬರೆಯುವ ತನಕ ಅದನ್ನು ಆ ಮನೆಯಲ್ಲಿ ಗೊಂಬೆ ಅನ್ನುತ್ತಿರಲಿಲ್ಲ, ಕಟ್ಟಿಗೆ ಅನ್ನುತ್ತಿದ್ದರು. ಅಳಿಲಿನ ಬಾಲದ ಕೂದಲಿನ ಕುಂಚವನ್ನು ತುಟಿಗಳ ನಡುವೆ ಎಳೆದು ಸೂಜಿಯಷ್ಟು ಮೊನೆ ಮಾಡಿ, ಬಿಳಿಯಲ್ಲಿ ಅದ್ದಿ, ಕರಿಯ ಗುಡ್ಡೆಯ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕೆ ಇಡುತ್ತಿದ್ದಳು. ಆಗ ಗೊಂಬೆ ನೋಡತೊಡಗುತ್ತಿತ್ತು. ಓಣಿಯಲ್ಲಿ ಹತ್ತು ಮನೆಗಳಿದ್ದವು. ಅಂಥ ಚುಕ್ಕೆ ಇಡುವ ಕೈ ಅದೊಂದೇ. ಕಡುಕಷ್ಟದ ಗೊಂಬೆಗಳನ್ನು ಉಳಿದವರೂ ಅವಳ ಹತ್ತಿರ ತಂದು ಕಣ್ಣು ಬರೆಸಿಕೊಂಡು ಹೋಗುತ್ತಿದ್ದರು.

ಆ ಮನೆಯಲ್ಲಿ ಬಳಸುತ್ತಿದ್ದದ್ದು ಅರಭಾವಿಯ ಕಡೆಯ ಹಳ್ಳದ ದಂಡೆಯಿಂದ ಅಗೆದು ತಂದ ಬಿಳಿಮಣ್ಣು. ಅದನ್ನು ಬಿಡಿಸಿ ಸಫೇದಾ ಹಿಡಿಸಿದವನು ನಾನು. ಆ ಜಗ್ಗಾಟ ನನಗೆ ಪೂರಾ ನೆನಪಿದೆ, ಯಾಕೆಂದರೆ ಗೆದ್ದವನು ನಾನು.

"ಅಕ್ಕಾರ, ನಿಮ್ಮ ಗೊಂಬಿ ಕಣ್ಣಾಗ ನಿದ್ದಿ ಐತಿ" ಎಂದೆ.

"ಮಾರಾಟ ಆಗೂ ತನಕ ಮಲಗಲಿ ಬಿಡ್ರಿ. ಎಚ್ಚರಿದ್ದು ಏನ ಮಾಡ್ತಾವ?"

"ಬಿಳಿಮಣ್ಣು ವರ್ಷದಾಗ ಮಾಸತೈತಿ. ಇದನ್ನ ಹಚ್ಚಿ ನೋಡ್ರಿ, ಕಣ್ಣು ಮಿಂಚತಾವ."

"ನಮ್ಮತ್ತಿ ಬಿಳಿಮಣ್ಣಾಗ ಕಣ್ಣು ಬರದಾಳ. ಅಕಿ ಗೊಂಬಿ ಕೊಲ್ಲಾಪುರ ತನಕ ಹೋಗ್ಯಾವ."

"ನಿಮ್ಮವು ಮುಂಬೈ ತನಕ ಹೋಗ್ಲಿ. ನಾಲಗಿ ಮ್ಯಾಲ ಇಟಗೊಂಡು ನೋಡ್ರಿ ಬೇಕಾದ್ರ."

"ನೋಡಾಕ ಏನೈತಿ," ಎಂದಳು ಅಕ್ಕ. "ಕುಂಚ ಬಾಯಾಗ ಇಟಗೊಂಡ ಬರಿಯಾಕಿ ನಾನು. ಮಣ್ಣ ತಿಂದು ಸಾಕಾಗೇತಿ. ಸೀ ಇದ್ರ ಚಲೋನ ಆತು."

ಅವಳ ಗಂಡ ಉಳಿಯನ್ನು ಕೆಳಗಿಡದೆ, "ಕೊಡ್ರಿ ಅಕಿಗೆ. ಸೀ ತಿಂದರ ಮಾತರ ಸೀ ಆಡ್ತಾಳೇನ ನೋಡೂಣು" ಎಂದ.

ಗೊಂಬೆಗಳು ಮಿಂಚಿದವು, ಸುಳ್ಳಲ್ಲ. ಬೆಳಗಾವಿಯ ವ್ಯಾಪಾರಿಗಳು ಹುಡುಕಿಕೊಂಡು ಬಂದರು. ಅಕ್ಕ ಬೆಳಗಿನ ಹೊತ್ತು ಒಣಗಿದ ಬಿಳಿ ಪದರನ್ನು ಉಸುಕಿನ ಕಾಗದದಿಂದ ತಿಕ್ಕುತ್ತಿದ್ದಳು. ಧೂಳು ಎದ್ದು ಅವಳ ತಲೆಗೂದಲು, ಸೀರೆ, ಗೂಡಿನ ದೀಪ, ರೊಟ್ಟಿಯ ಬುಟ್ಟಿ ಎಲ್ಲ ಬೆಳ್ಳಗಾಗುತ್ತಿತ್ತು. ಮಧ್ಯಾಹ್ನ ಅದೇ ಬುಟ್ಟಿಯಿಂದ ಉಣ್ಣುತ್ತಿದ್ದರು. ನಾನೂ ಹಲವು ಸಲ ಉಂಡಿದ್ದೇನೆ. ಮೂರನೆಯ ಪ್ರಹರಕ್ಕೆ ಕುಂಚ ಬಾಯಿಗೆ.

ಈ ನಡುವೆ ನನ್ನ ಹೊಟ್ಟೆಯಲ್ಲಿ ಯಾರೋ ಹಗ್ಗ ಹೊಸೆಯತೊಡಗಿದರು. ಹೊಕ್ಕುಳ ಸುತ್ತ ಹಿಡಿದರೆ ಮಡಚಿಕೊಂಡು ಅಂಗಡಿಯ ಗೋಣಿಯ ಮೇಲೆ ಬೀಳಬೇಕು. ಹೊಟ್ಟೆಯನ್ನು ಒತ್ತಿ ಹಿಡಿದರೆ ಮಾತ್ರ ಸಮಾಧಾನ. ನಾಲ್ಕು ದಿನ, ಐದು ದಿನ ಬಯಲಕಡೆಗೆ ಹೋಗುವ ಪ್ರಮೇಯವೇ ಇಲ್ಲ. ಬಾಯಲ್ಲಿ ಯಾವಾಗಲೂ ತಾಮ್ರದ ಚಿಲ್ಲರೆ ಇಟ್ಟುಕೊಂಡ ರುಚಿ. ಹೆಂಡತಿ ಕಾರಣ ಹುಡುಕಲು ದೂರ ಹೋಗಲಿಲ್ಲ.

"ಕರದಂಟು ಬಿಡ್ರಿ" ಎಂದಳು. "ದಿನಾ ಅಂಟು ತಿಂದ್ರ ಹೊಟ್ಟಿ ಜಾಮ್ ಆಗದ ಇನ್ನೇನಾಗತೈತಿ?"

"ಊರೆಲ್ಲ ತಿಂತೈತಿ. ನನಗೊಬ್ಬಗ ಜಾಮ್ ಆಗತೈತೇನು?"

"ಊರ ಮಂದಿ ಅಂಗಡಿ ಮಾಲು ತಿನ್ನೂದಿಲ್ಲ. ನೀವು ಕರದಂಟೂ ತಿಂತೀರಿ, ಬಣ್ಣಾನೂ ತಿಂತೀರಿ. ಯಾವುದಾರ ಒಂದ ಬಿಡ್ರಿ."

ಯಾವುದು ಬಿಟ್ಟೆನೆಂದು ಹೇಳಬೇಕಾಗಿಲ್ಲ. ಗೋಕಾಕದಲ್ಲಿ ಇದ್ದುಕೊಂಡು ವರ್ಷಗಟ್ಟಲೆ ಕರದಂಟು ಮುಟ್ಟದೆ ಇದ್ದ ಮನುಷ್ಯ ನಾನು. ನನ್ನ ಗಿರಾಕಿಗಳಲ್ಲಿ ಬಣ್ಣ ಹಚ್ಚುವ ಮೂರ್ನಾಲ್ಕು ಮಂದಿಗೂ ಇದೇ ಹೊಟ್ಟೆನೋವು ಇತ್ತು. ಅವರಿಗೆಲ್ಲ ನಾನು ಕರದಂಟು ಬಿಡಿಸಿದೆ. ಒಬ್ಬ ಜನ್ಮದಲ್ಲಿ ಕರದಂಟು ತಿಂದಿರಲಿಲ್ಲ. ಅವನಿಗೆ, ಘಟಪ್ರಭಾ ನದಿಯ ನೀರು ಈ ವರ್ಷ ಭಾರವಾಗಿದೆ, ಕಾಸಿ ಕುಡಿ ಎಂದೆ. ಸಲಹೆ ಕೇಳಿದವನನ್ನು ಬರಿಗೈಲಿ ಕಳಿಸುವುದು ನಮ್ಮ ಅಂಗಡಿಯ ರೂಢಿಯಲ್ಲ.

ಒಂದು ದಿನ ಸಫೇದಾ ಕೊಡಲು ಅಕ್ಕನ ಮನೆಗೆ ಹೋದಾಗ ಅವಳು ಒಂದು ಗೌಡತಿ ಗೊಂಬೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಒಂದು ಕಣ್ಣು ಮುಗಿದಿತ್ತು. ಇನ್ನೊಂದಕ್ಕೆ ಕುಂಚ ಎತ್ತಿದಳು. ತೋಳು ಎದ್ದಿತು, ಅಂಗೈ ಏಳಲಿಲ್ಲ. ಕಾಳು ತುಂಬಿದ ಜೋಳದ ತೆನೆ ಬಾಗಿದ ಹಾಗೆ ಮಣಿಕಟ್ಟಿನಿಂದ ಕೆಳಗೆ ಜೋತುಬಿತ್ತು. ಬೆರಳು ಮಡಚುತ್ತಿದ್ದವು, ಬಿಚ್ಚುತ್ತಿರಲಿಲ್ಲ. ಎಡಗೈಯಿಂದ ಎತ್ತಿ ಹಿಡಿದಳು, ಬಿಟ್ಟಳು. ಮತ್ತೆ ಜೋತುಬಿತ್ತು.

"ನೋವೈತೇನ್ರಿ ಅಕ್ಕಾರ?"

"ನೋವಿದ್ರ ಚಲೋ ಇತ್ತು" ಎಂದಳು. "ಇದು ನನ್ನ ಕೈನ ಅಲ್ಲ ಅನಸಾಕತ್ತೇತಿ."

ಓಣಿಯವರು ತಲೆಗೊಂದು ಮಾತಾಡಿದರು. ಸಾವಿರಾರು ಗೊಂಬೆಗಳಿಗೆ ಕಣ್ಣು ಕೊಟ್ಟವಳಿಗೆ ಆ ಕಣ್ಣೆಲ್ಲ ಹತ್ತಿವೆ ಎಂದರು ಕೆಲವರು, ದೃಷ್ಟಿ ತೆಗೆದರು. ವಾಯು ಎಂದರು ಕೆಲವರು. ನಾನು ಬಳ್ಳೊಳ್ಳಿ ಹಾಕಿ ಕಾಸಿದ ಎಣ್ಣೆ ತಿಕ್ಕಿಸಿ ಎಂದೆ, ನಮ್ಮ ಅಣ್ಣನ ಎತ್ತಿನ ಕಾಲು ಅದರಿಂದಲೇ ಗುಣವಾಗಿದೆ ಎಂದು ಸಾಕ್ಷಿಯನ್ನೂ ಕೊಟ್ಟೆ. ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು. ಕೈ ಏಳಲಿಲ್ಲ. ಅಡುಗೆ ಗಂಡನ ಪಾಲಿಗೆ ಬಂತು. ಕಟ್ಟಿಗೆಯಲ್ಲಿ ಗಿಳಿಯ ಗರಿಗರಿಯನ್ನೂ ಎತ್ತುವ ಆ ಮನುಷ್ಯ ರೊಟ್ಟಿ ಬಡಿದರೆ ಮೂಲೆಗಳು ಬರುತ್ತಿದ್ದವು. ಅರೆ ಕಣ್ಣಿನ ಗೌಡತಿ ಗೂಡಿನಲ್ಲಿ ಕೂತಳು. ಅವಳ ಪಕ್ಕದಲ್ಲಿ ಕಣ್ಣಿಲ್ಲದ ಕಟ್ಟಿಗೆಗಳು ಸಾಲು ಹತ್ತಿದವು.

ಆಮೇಲಿನದ್ದು ಹುಕ್ಕೇರಿಯಲ್ಲಿ ನಡೆದದ್ದು. ಅಲ್ಲೊಬ್ಬ ಡಾಕ್ಟರು ಹೊಸ ದವಾಖಾನೆ ಕಟ್ಟಿಸುತ್ತಿದ್ದರು. ಬಾಗಿಲು ಕಿಟಕಿಗಳಿಗೆ ಬಣ್ಣ ಬೇಕೆಂಬ ಸುದ್ದಿ ಹಿಡಿದು ನಾನು ಸರ್ವಿಸ್ ಮೋಟಾರಿನಲ್ಲಿ ಸಫೇದಾದ ಡಬ್ಬಿ ಹೊತ್ತುಕೊಂಡು ಹೋದೆ. ಡಾಕ್ಟರು ಪಡಸಾಲೆಯಲ್ಲಿ ಕೂತಿದ್ದರು. ಅವರ ಕಾಲು ನೋಡಿದೆ. ಹೆಬ್ಬೆರಳು ನನ್ನ ಕಡೆಗಿತ್ತು. ಸಂತೋಷವಾಯಿತು. ಮುಚ್ಚಳ ತೆಗೆದು, ಒಂದು ದೊಡ್ಡ ಚಿಟಿಕೆ ನಾಲಿಗೆಗೆ ಹಾಕಿಕೊಂಡು, "ಅಸಲಿ ಮಾಲು ಸಾಹೇಬ್ರ, ನೀವೂ ನೋಡ್ರಿ" ಎಂದು ಡಬ್ಬಿ ಚಾಚಿದೆ.

ಡಾಕ್ಟರು ಡಬ್ಬಿ ನೋಡಲಿಲ್ಲ. ನನ್ನನ್ನೇ ನೋಡಿದರು.

"ಎಷ್ಟು ವರ್ಷ ಆತು ಹಿಂಗ ತಿನ್ನಾಕ ಹತ್ತಿ?"

"ಹನ್ನೆರಡು ವರ್ಷ ಆತ್ರಿ" ಎಂದೆ ಹೆಮ್ಮೆಯಿಂದ.

"ಬೆಳಕಿಗೆ ಬರ್ರಿ. ಬಾಯಿ ತಗೀರಿ." ಕೆಳತುಟಿಯನ್ನು ಹೆಬ್ಬೆರಳಿನಿಂದ ಕೆಳಗೆಳೆದು ವಸಡು ನೋಡಿದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ನೋಡಿದರು. ನಾನು ಎಷ್ಟೋ ಎತ್ತುಗಳ ಬಾಯಿ ಹೀಗೆ ತೆರೆದಿದ್ದೇನೆ. ಎತ್ತಿಗೆ ಏನನ್ನಿಸುತ್ತದೆಂದು ಅವತ್ತು ಗೊತ್ತಾಯಿತು. ಆಮೇಲೆ ಒಂದು ಕನ್ನಡಿ ಕೈಗೆ ಕೊಟ್ಟರು. ಹಲ್ಲಿನ ಬುಡಕ್ಕೆ, ವಸಡಿನ ಅಂಚಿನುದ್ದಕ್ಕೂ ಸೀಸಕಡ್ಡಿಯಲ್ಲಿ ಗೀಚಿದಂಥ ಕರಿನೀಲಿ ಗೆರೆ.

"ಹೊಟ್ಟಿ ಹಿಡಿತೈತಿ, ಹೌದಲ್ಲ? ಹೊಕ್ಕುಳ ಸುತ್ತ? ಒತ್ತಿ ಹಿಡದ್ರ ಆರಾಮ ಅನಸತೈತಿ?"

"ಹೌದ್ರಿ. ಅದು ಕರದಂಟಿಂದು."

"ಕರದಂಟಿನ ಪಾಪ ಯಾಕ ಕಟಗೋತೀರಿ? ಇದು ಸೀಸದ್ದು. ನೀವು ಹನ್ನೆರಡು ವರ್ಷ ಸೀಸ ಉಂಡೀರಿ."

ಅವರು ಮುಂಬೈಯಲ್ಲಿ ಕಲಿಯುವಾಗ ಕಂಡದ್ದನ್ನು ಹೇಳಿದರು. ಹಳೆಯ ಬಣ್ಣ ಕೆರೆದು ಹೊಸ ಬಣ್ಣ ಹಚ್ಚುವವರು, ಸೀಸದ್ದೇ ಆದ ಸೇಂದೂರದಿಂದ ಕೊಳವೆ ಕೂಡಿಸುವವರು, ಛಾಪಖಾನೆಯಲ್ಲಿ ಸೀಸದ ಅಚ್ಚಿನ ಮೊಳೆ ಜೋಡಿಸುವವರು, ಎಲ್ಲರೂ ಇದೇ ಗೆರೆ ಹೊತ್ತುಕೊಂಡು ದವಾಖಾನೆಗೆ ಬರುತ್ತಿದ್ದರಂತೆ. ಧೂಳು ಉಸಿರಿನಲ್ಲಿ ಹೋಗುತ್ತದೆ, ತೊಳೆಯದ ಕೈಯಿಂದ ಅನ್ನದ ಜೊತೆ ಹೋಗುತ್ತದೆ, ಒಳಗೆ ಹೋದದ್ದು ಎಲುಬಿನಲ್ಲಿ ಕೂತುಬಿಡುತ್ತದೆ. "ಬೇಕಂತ ನೆಕ್ಕಿ ತಿಂದವರನ್ನ ಮಾತ್ರ ಇವತ್ತ ನೋಡಿದ್ದು" ಎಂದರು.

ನನಗೆ ಚೌಕಾಶಿ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. "ಪೂರಾ ಬಿಡಬೇಕೇನ್ರಿ? ದಿನಾ ಒಂದ ಚಿಟಿಕಿ ನಡಿಯೂದಿಲ್ಲ?" ಎಂದೆ.

"ಸಾವಕಾರ್ರ, ಇದು ಸಂತಿ ಅಲ್ಲ."

"ವಾರಕ್ಕೊಮ್ಮೆ?"

"ಇವತ್ತಿಂದು ಕಡೀದು. ಮುಂದ ಹೊಟ್ಟಿ ಬಿಟ್ಟು ಕೈಗೆ ಬರತೈತಿ. ಹಿಂಗ." ಅವರು ತಮ್ಮ ತೋಳನ್ನು ಮುಂದೆ ಚಾಚಿ ಮಣಿಕಟ್ಟನ್ನು ಸಡಿಲ ಬಿಟ್ಟರು. ಅಂಗೈ ಜೋತುಬಿತ್ತು.

ನಾನು ಅವರ ಕೈಯನ್ನೇ ನೋಡುತ್ತ ನಿಂತೆ. ಅದು ಅಕ್ಕನ ಕೈ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಡಬ್ಬಿಯ ಮುಚ್ಚಳ ಹಾಕಿ ಅದರ ಮೇಲೇ ಕೂತೆ.

"ಹಂಗಾದ ಕೈ ಮತ್ತ ಏಳತೈತೇನ್ರಿ?" ಎಂದೆ.

"ಕೆಲವು ಏಳತಾವ, ಕೆಲವು ಏಳೂದಿಲ್ಲ. ಯಾರಿಗಾಗೇತಿ?"

ಹೇಳಿದೆ. ಮಣ್ಣು ಬಿಡಿಸಿದ್ದು, ಸಿಹಿ ಎಂದದ್ದು, ಕುಂಚವನ್ನು ತುಟಿಯಲ್ಲಿ ಎಳೆಯುವುದು, ಒಣ ತಿಕ್ಕುವುದು, ರೊಟ್ಟಿಯ ಬುಟ್ಟಿ, ಎಲ್ಲ ಹೇಳಿದೆ. ಕಡೆಗೆ, ನನಗೇ ಗೊತ್ತಿಲ್ಲದೆ, ಇನ್ನೊಂದು ಪ್ರಶ್ನೆ ಬಾಯಿಂದ ಬಂತು. "ಖಡು ಬೆರಸಿದ ಮಾಲು ಹಚ್ಚಿದ್ರ ಏನಾಗತೈತ್ರಿ?"

"ಬಣ್ಣ ಲಗೂ ಉದರತೈತಿ" ಎಂದರು ಡಾಕ್ಟರು. "ಮನಿಶ್ಯಾ ಉಳೀತಾನ."

ಬರುವಾಗ ಮೋಟಾರಿನಲ್ಲಿ ದಾರಿಯುದ್ದಕ್ಕೂ ಒಂದು ಒಳ್ಳೆಯ ಸುಳ್ಳು ಹುಡುಕಿದೆ. ನನ್ನಂಥವನಿಗೆ ಅದು ಹೊಸ ಕೆಲಸವಲ್ಲ. ಹುಕ್ಕೇರಿಯಲ್ಲಿ ಚಲೋ ಡಾಕ್ಟರು ಇದ್ದಾರೆ, ತೋರಿಸಿ ಬರೋಣ ಎಂದಷ್ಟೇ ಹೇಳಿದರೆ ಸಾಕು, ಸೀಸದ ಮಾತು ಅವರೇ ಹೇಳಲಿ ಎಂದುಕೊಂಡೆ. ಆದರೆ ಓಣಿಗೆ ಹೋದಾಗ ಅಕ್ಕ ಎಡಗೈಯಲ್ಲಿ ಕುಂಚ ಹಿಡಿದು ಒಂದು ಒಡಕು ಕಟ್ಟಿಗೆಯ ಮೇಲೆ ಚುಕ್ಕೆ ಇಡುವುದನ್ನು ಕಲಿಯುತ್ತಿದ್ದಳು. ಪ್ರತಿ ಚುಕ್ಕೆಗೂ ಮೊದಲು ಕುಂಚ ತುಟಿಗೆ ಹೋಗುತ್ತಿತ್ತು. ಸುಳ್ಳು ಹೇಳುವಷ್ಟು ಪುರಸೊತ್ತು ಇರಲಿಲ್ಲ. ಕೈಯಿಂದ ಕುಂಚ ಕಿತ್ತುಕೊಂಡೆ.

"ಅಕ್ಕಾರ, ಇದು ವಿಷ. ನಾನ ಕೊಟ್ಟೀನಿ."

ಗಂಡನ ಉಳಿ ನಿಂತಿತು. ಅಕ್ಕ ನನ್ನನ್ನು ನೋಡಿದಳು, ಡಬ್ಬಿ ನೋಡಿದಳು.

"ಗೊತ್ತಿದ್ದು ಕೊಟ್ರೇನು?"

"ಇಲ್ರಿ. ನಾನೂ ತಿಂದೀನಿ." ತುಟಿ ಎಳೆದು ವಸಡು ತೋರಿಸಿದೆ. ಅವಳೂ ಕನ್ನಡಿಯಲ್ಲಿ ತನ್ನದು ನೋಡಿಕೊಂಡಳು. ಅದೇ ಗೆರೆ. ನನ್ನದಕ್ಕಿಂತ ದಪ್ಪ.

"ಎಲ್ಲಾದರಾಗೂ ಚೌಕಾಶಿ ಮಾಡ್ತೀರಿ ಸಾವಕಾರ್ರ," ಎಂದಳು ಕನ್ನಡಿ ಕೆಳಗಿಟ್ಟು, "ಇದೊಂದರಾಗ ನನಗ ಹೆಚ್ಚು ಕೊಟ್ರಿ ನೋಡ್ರಿ."

ಗಂಡ ಉಳಿ ಕೆಳಗಿಟ್ಟ. ಎದ್ದು, ಮನೆಯಲ್ಲಿದ್ದ ಸಫೇದಾವನ್ನೆಲ್ಲ ತಂದು ನನ್ನ ಮುಂದೆ ಇಟ್ಟು, ಮತ್ತೆ ಒಳಗೆ ಹೋದ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಮರುದಿನ ಇಬ್ಬರನ್ನೂ ಹುಕ್ಕೇರಿಗೆ ಕರೆದುಕೊಂಡು ಹೋದೆ. ಡಾಕ್ಟರು ಜುಲಾಬಿನ ಉಪ್ಪು ಕೊಟ್ಟರು, ಹಾಲು ಕುಡಿಯಲು ಹೇಳಿದರು, ಆ ಮನೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೊಳೆಯಲು ಹೇಳಿದರು. ಕೈ ಜೋತುಬೀಳದಂತೆ ಕೆಳಗಿನಿಂದ ಆಸರೆ ಕೊಡುವ ಒಂದು ಕಟ್ಟಿಗೆಯ ಪಟ್ಟಿ ಕಟ್ಟಬೇಕು ಎಂದರು. ಆರು ತಿಂಗಳಲ್ಲಿ ಎದ್ದರೆ ಎದ್ದಿತು. ಇಲ್ಲವಾದರೆ ಆಸೆ ಬಿಡಬೇಕು. ಗಂಡ ಆ ಪಟ್ಟಿಯನ್ನು ತಾನೇ ಕೆತ್ತಿದ. ಗೊಂಬೆಯ ಕಟ್ಟಿಗೆಯಲ್ಲಿ, ಅವಳ ಅಂಗೈಯ ಉಬ್ಬು ತಗ್ಗಿಗೆ ಸರಿಯಾಗಿ, ಮೂರು ಸಲ ಅಳತೆ ನೋಡಿ ಕೆತ್ತಿದ. ಕಟ್ಟಿದ ಮೇಲೆ ಅವಳು, "ಚಲೋ ಐತಿ. ಬಣ್ಣ ಹಚ್ಚಬ್ಯಾಡ ಅಷ್ಟ" ಎಂದಳು.

ಇತ್ತ ನಾನು ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೊರಟೆ. ಮೂಡಲಗಿಯ ಸಂತೆಯಲ್ಲಿ ಅದೇ ಚಾದರ ಹಾಸಿ ಕೂತು, ಸಫೇದಾ ನೆಕ್ಕಬೇಡಿ, ಒಣ ತಿಕ್ಕಬೇಡಿ, ನೀರು ಹಚ್ಚಿ ತಿಕ್ಕಿ, ಉಣ್ಣುವ ಮೊದಲು ಕೈ ತೊಳೆಯಿರಿ, ಗೊಂಬೆಗೆ ತೊಟ್ಟಿಲಿಗೆ ಹಚ್ಚಲೇಬೇಡಿ ಎಂದೆ. ಹಳೆಯ ಬಡಿಗೇರ ಮುಂದೆ ಬಂದು ಕೂತ.

"ಸಾವಕಾರ್ರ, ಖಡು ಎಷ್ಟ ಗಾಡಿ ಬಂದೈತಿ?" ಎಂದ.

"ಯಾವ ಖಡು?"

"ನೀವು ಸೋವಿಯಾಗ ಹಿಡದಿದ್ದು. ಅದನ್ನ ಮಾರಾಕಲ್ಲ ಈ ಪುರಾಣ?"

"ಖರೇನ ಹೇಳಾಕತ್ತೀನಿ. ನನ್ನ ವಸಡು ನೋಡ್ರಿ."

"ಅದಕ್ಕ ಏನ ಹಚ್ಚಿಕೊಂಡು ಬಂದೀರಿ? ಕಾಡಿಗಿ?" ಎಂದು ಅವನು ಎದ್ದ. ಅವನ ಹೆಬ್ಬೆರಳು ಆಗಲೇ ಬೇರೆ ಕಡೆ ತಿರುಗಿತ್ತು.

ಸುಳ್ಳಿಗೆ ಅರ್ಧ ದಿನ ಸಾಕಾಗಿತ್ತು. ನಿಜಕ್ಕೆ ಒಂಬತ್ತು ಸಂತೆ ಹಿಡಿಯಿತು. ಹೊಟ್ಟೆನೋವಿನವರು ಮಾತ್ರ ಒಬ್ಬೊಬ್ಬರಾಗಿ, ಯಾರೂ ನೋಡದ ಹಾಗೆ ಬಂದು ತುಟಿ ಎಳೆದು ತೋರಿಸಿ ಕೇಳಿಕೊಂಡು ಹೋದರು.

ಎದುರಿನ ಕಾಕಾನನ್ನೂ ಎಚ್ಚರಿಸುವುದು ಧರ್ಮವೆಂದು ಅವನ ಅಂಗಡಿಗೆ ಹೋದೆ. ಸುಧಾರಿಸಿದ ಮನುಷ್ಯ, ಅಸಲಿ ಮಾಲು ತರಿಸುತ್ತಾನೆ, ಅವನ ಗಿರಾಕಿಗಳಿಗೂ ಆಪತ್ತು. ಎಲ್ಲ ಕೇಳಿಸಿಕೊಂಡ ಕಾಕಾ ಗಡ್ಡ ತುರಿಸಿಕೊಂಡ.

"ಒಂದ ಮಾತ ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ" ಎಂದ. "ನನ್ನ ಮಾಲಿನಾಗ ಸಫೇದಾ ಹೆಸರಿಗಷ್ಟ. ಉಳದದ್ದೆಲ್ಲ ಖಡು."

"ನಾನ ನೆಕ್ಕೀನಿ. ಸೀ ಇತ್ತು."

"ನೀವು ಮಂದಿಗೆ ನೆಕ್ಕಾಕ ಕಲಿಸಿದ ಮ್ಯಾಲ ನಾನೇನ ಮಾಡ್ಲಿ? ಸಕ್ಕರಿ ಅರದು ಹಾಕಿದೆ. ಮೂಡಲಗ್ಯಾಗ ಹೊಸಾ ಬಾಗಲಕ್ಕೆಲ್ಲ ಇರಿವಿ ಹತ್ತಿದ್ದು ಯಾಕ ಅಂತ ಮಾಡೀರಿ?"

ನಾನು ಅವನ ಅಂಗಡಿಯ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವತ್ತು ನಗುವುದಕ್ಕಾಗಿ ಹಿಡಿದುಕೊಂಡದ್ದು. ನಾನು ಪ್ರಾಮಾಣಿಕನಾಗಿ ಮಾರಿದವರ ಹೊಟ್ಟೆ ಹಿಂಡಿತು, ಕೈ ಬಿತ್ತು. ಅವನು ಮೋಸ ಮಾಡಿ ಮಾರಿದವರಿಗೆ ಇರುವೆ ಹತ್ತಿದವು. ಈ ಲೆಕ್ಕದಿಂದ ಯಾರೂ ಕಲಬೆರಕೆಯೇ ಲೇಸೆಂಬ ನೀತಿ ತೆಗೆಯಬೇಡಿ. ಮಾರುವ ವಸ್ತು ಯಾವುದರಿಂದ ಆಗಿದೆ, ಮೈಗೆ ಹೋದರೆ ಏನು ಮಾಡುತ್ತದೆ ಎಂದು ಕೇಳದೆ ಅದು ಶುದ್ಧವೋ ಅಲ್ಲವೋ ಎಂದಷ್ಟೇ ಕೇಳುವವನು ನನ್ನಂಥ ಜಾಣ ಆಗುತ್ತಾನೆ, ಅಷ್ಟೇ.

ಅಕ್ಕನ ಮನೆಗೆ ಬಿಳಿಮಣ್ಣು ಬೇಕಾಗಿತ್ತು. ಸಫೇದಾ ಬಂದ ಮೇಲೆ ಯಾರೂ ಅಗೆಯದೆ ಆ ಹೊಂಡದ ಗುರುತು ಅಳಿಸಿಹೋಗಿತ್ತು. ಅರಭಾವಿಯ ಹಳ್ಳದ ದಂಡೆಯಲ್ಲಿ ಮೂರು ದಿನ ಸಲಿಕೆ ಹಿಡಿದು ತಿರುಗಿದೆ. ಹೊಲದವನೊಬ್ಬ ಬಂದು, "ಏನ ಹುಗದಿದ್ರಿ ಇಲ್ಲಿ?" ಎಂದು ಕೇಳಿದ. "ನನ್ನ ಮಾನ" ಎನ್ನಬೇಕೆನಿಸಿತು. ಮಣ್ಣು ಎಂದೆ. ಮಣ್ಣಿಗೆ ಇಷ್ಟು ದೂರ ಬರಬೇಕೆ ಎಂದು ಅವನು ನಕ್ಕು ಹೊಂಡ ತೋರಿಸಿದ. ಹೊತ್ತು ತಂದು, ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಿಳಿ ಇಳಿಸಿ ಒಣಗಿಸಿಕೊಟ್ಟೆ. ಅಕ್ಕನ ಗಂಡ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, "ಹರಳು ಉಳದಾವ. ಇನ್ನೊಮ್ಮೆ ಸೋಸ್ರಿ" ಎಂದ. ಸೋಸಿದೆ. ಅದು ಅವನು ನನ್ನೊಡನೆ ಮೂರು ವಾರದಲ್ಲಿ ಆಡಿದ ಮೊದಲ ಮಾತು.

ಎರಡು ತಿಂಗಳಿಗೆ ನನ್ನ ಹೊಟ್ಟೆಯ ಹಗ್ಗ ಸಡಿಲವಾಯಿತು. ಅಕ್ಕನ ಕೈ ಸುಮ್ಮನೇ ಇತ್ತು. ನಾಲ್ಕು ತಿಂಗಳು ಕಳೆದವು. ನಾನು ದಿನಾ ಓಣಿಗೆ ಹೋಗಿ ಕೇಳುವುದು, ಅವಳು ಪಟ್ಟಿ ಬಿಚ್ಚಿ ತೋರಿಸುವುದು, ಅಂಗೈ ಕೆಳಗೆ ಬೀಳುವುದು. ಕಡೆಗೆ ಒಂದು ದಿನ ಅವಳೇ, "ದಿನಾ ಬರಬ್ಯಾಡ್ರಿ. ನೀವು ಬಂದಾಗ ಇದಕ್ಕ ನಾಚಿಕಿ ಬರತೈತಿ" ಎಂದಳು. ಹೋಗುವುದನ್ನು ಬಿಟ್ಟೆ. ಓಣಿಯ ತುದಿಯಲ್ಲಿ ನಿಂತು ಬರುತ್ತಿದ್ದೆ.

ಐದನೆಯ ತಿಂಗಳು, ಮುಂಜಾನೆ, ಓಣಿಯ ತುದಿಗೆ ರೊಟ್ಟಿ ಬಡಿಯುವ ಸಪ್ಪಳ ಬಂತು. ಗಂಡ ಬಡಿದರೆ ಗಾಣಿಗ ಹಿಂಡಿ ಬಡಿದ ಹಾಗೆ ಒಂದೇ ಸಮ ಬೀಳುತ್ತಿತ್ತು. ಇದು ಬೇರೆ. ಎರಡು ಹಗುರ ಏಟು, ಆಮೇಲೆ ಒಂದು ತಡ, ಮತ್ತೆ ಎರಡು. ಬಾಗಿಲಲ್ಲಿ ಹೋಗಿ ನಿಂತೆ. ಅಕ್ಕ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತಿದ್ದಳು. ಅಂಗೈ ಪೂರ್ತಿ ಏಳುತ್ತಿರಲಿಲ್ಲ. ಏಳುತ್ತಿತ್ತು.

"ನಿಂತು ಏನ ನೋಡ್ತೀರಿ?" ಎಂದಳು. "ಹರಕ ಆಗೇತಿ ರೊಟ್ಟಿ. ತಿನ್ನಾವ್ರಿದ್ರ ಕೈ ತೊಳಕೊಂಡು ಬರ್ರಿ."

ಕೈ ತೊಳೆದುಕೊಂಡು ಬಂದೆ. ಹರಕು ರೊಟ್ಟಿಯನ್ನು ಮೂವರೂ ಕೂಡಿ ತಿಂದೆವು.

ಕುಂಚ ಹಿಡಿಯಲು ಮತ್ತೆ ಎರಡು ತಿಂಗಳು ಬೇಕಾಯಿತು. ಆ ದಿನ ಗಂಡ ನನ್ನನ್ನು ಕರೆಸಿದ್ದ. ಗೂಡಿನಿಂದ ಅರೆ ಕಣ್ಣಿನ ಗೌಡತಿಯನ್ನು ತೆಗೆದು ತೊಳೆದು, ಹಳೆಯ ಕಣ್ಣನ್ನೂ ಒದ್ದೆ ಬಟ್ಟೆಯಲ್ಲಿ ಉಜ್ಜಿ ತೆಗೆದು, ಮೈಯೆಲ್ಲ ಬಿಳಿಮಣ್ಣಿನಿಂದ ಹೊಸದಾಗಿ ಮಾಡಿಟ್ಟಿದ್ದ. ಅಕ್ಕ ಕುಂಚವನ್ನು ಒದ್ದೆ ಅರಿವೆಯ ಮಡಿಕೆಯಲ್ಲಿ ಎಳೆದು ಮೊನೆ ಮಾಡಿದಳು. ಮೊನೆ ಮೊದಲಿನಷ್ಟು ಕೂಡಲಿಲ್ಲ. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಆನಿಸಿ ಹಿಡಿದು ಮುಂದೆ ಬಾಗಿದಳು.

ನನ್ನ ಬಾಯಿಗೆ ಸಲಹೆಗಳು ಬಂದವು. ಮೊಣಕೈಗೆ ದಿಂಬು ಕೊಡಿ, ಬೆಳಕಿಗೆ ತಿರುಗಿ, ಗೊಂಬೆಯನ್ನು ಸ್ವಲ್ಪ ಓರೆ ಹಿಡಿಯಿರಿ.

"ಸಾವಕಾರ್ರ," ಎಂದಳು ಅಕ್ಕ ತಲೆ ಎತ್ತದೆ, "ಉಸರು ಬಿಡ್ರಿ, ಮಾತಾಡಬ್ಯಾಡ್ರಿ."

ಒಂದು ಕಣ್ಣಿಗೆ ಚುಕ್ಕೆ ಇಟ್ಟಳು. ತಡೆದಳು. ಕುಂಚವನ್ನು ಅರಿವೆಯಲ್ಲಿ ಮತ್ತೆ ಎಳೆದು ಇನ್ನೊಂದು ಕಣ್ಣಿಗೆ ಇಟ್ಟಳು. ಎರಡನೆಯದು ಮೊದಲನೆಯದಕ್ಕಿಂತ ಒಂದು ಎಳ್ಳಿನಷ್ಟು ಮೇಲೆ ಬಿತ್ತು. ಗೌಡತಿ ನಮ್ಮನ್ನು ನೋಡದೆ, ನಮ್ಮ ಬಾಜೂಕ್ಕೆ ಯಾರೋ ನಿಂತವರನ್ನು ನೋಡುವಂತಾದಳು. ಅಕ್ಕ ಅದನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ಗಂಡ ನೋಡಿದ. ನಾನೂ ನೋಡಿದೆ. ಮೂವರಿಗೂ ಕಂಡಿತ್ತು.

"ಮಾಲು ಹೆಂಗೈತ್ರಿ?" ಎಂದು ನನ್ನನ್ನು ಕೇಳಿದಳು.

ನಾನು ಜೀವಮಾನದಲ್ಲಿ ಕೊಳ್ಳುವ ಯಾವ ಮಾಲಿಗೂ ಕೊಂಕು ತೆಗೆಯದೆ ಬಿಟ್ಟವನಲ್ಲ. "ಒಂದ ಎಳ್ಳಷ್ಟು ಮ್ಯಾಲ ಆಗೇತ್ರಿ" ಎಂದೆ.

"ಹೌದು" ಎಂದಳು ಅಕ್ಕ. ಅವಳ ಮುಖ ಸಡಿಲವಾಯಿತು. ಅದನ್ನು ಅಳಿಸಲಿಲ್ಲ. ಗೌಡತಿಯನ್ನು ಒಣಗಲು ಗೂಡಿನಲ್ಲಿಟ್ಟು, ಕಣ್ಣಿಲ್ಲದ ಸಾಲಿನಿಂದ ಮುಂದಿನ ಕಟ್ಟಿಗೆಯನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.